ಹಲಗೆಯ ತಳದಿಂದ ಅಳೆಯುತ್ತಿದ್ದ ಮಾಮನಿಗೆ

ಪ್ರೀತಿಯ ಮಾಮಾ,

ತಪ್ಪಾಯಿತು. ತೀರಿಹೋದವರಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ಅವ್ವ ಬೈದಾಳು, ಆದರೂ ಬರೆಯುತ್ತಿದ್ದೇನೆ. ಆರನೇ ತರಗತಿಯಿಂದ ಹಾಸ್ಟೆಲ್ಲಿನಲ್ಲೇ ಓದಿದವಳು ನಾನು, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕಾಗುಣಿತ ತಪ್ಪಿದರೆ ನಗಬೇಡ. ಈಗ ವಿಜಯಪುರದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ, ಎಲ್ಲದಕ್ಕೂ ಟೆನ್ಶನ್. ಆದರೆ ಮೊನ್ನೆ ಶನಿವಾರ ತಿಕೋಟಾದ ನಿನ್ನ ಅಂಗಡಿಯಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಆ ಕೆತ್ತುವ ಯಂತ್ರವನ್ನು ಮೊದಲ ಸಲ ತೋರಿಸಿದ ದಿನ ನೆನಪಿದೆಯೇ? ಏಳನೇ ತರಗತಿಗೆ ಶಾಲೆ ಬಿಟ್ಟ ಬಡಿಗ ನೀನು, ಗುಜರಿಯಿಂದ ತಂದ ಮೋಟಾರುಗಳಿಂದ ಅದನ್ನು ಕಟ್ಟಿದ್ದೆ. ತಿರುಗುತ್ತ ಮರ ಕೊರೆಯುವ ಅದರ ಉಳಿಗೆ ಬಿಟ್ ಎನ್ನುತ್ತಿದ್ದೆ. ಲ್ಯಾಪ್‌ಟಾಪಿನ ತುಂಬ ಎಕ್ಸ್, ವೈ, ಝಡ್ ಮತ್ತು ಅಂಕಿಗಳ ಸಾಲು.

"ಇದೇನ್ ಮಾಮಾ, ಗಣಿತದ ಪೇಪರ್ ಇದ್ದಂಗೈತಿ?" ಎಂದೆ.

"ಓದಬ್ಯಾಡ ಬೇ, ನೋಡು," ಎಂದು ನೀನು ಒಂದೊಂದು ಸಾಲಿಗೂ ಬೆರಳನ್ನು ಗಾಳಿಯಲ್ಲಿ ಆಡಿಸಿದೆ. ಎಡಕ್ಕೆ, ಮುಂದಕ್ಕೆ, ತುಸು ಕೆಳಕ್ಕೆ. ನನ್ನ ಕಣ್ಣೆದುರಿಗೇ ಒಂದು ಎಲೆ ಮೂಡಿತು! ಅಂಕಿಗಳನ್ನು ಹಾಗೆ ಓದಬಲ್ಲವರನ್ನು ಕಾಲೇಜಿನಲ್ಲೂ ನಾನಿನ್ನೂ...

ಬಿಟ್‌ನ ಎತ್ತರವನ್ನು ಎಲ್ಲಿಂದ ಅಳೆಯಬೇಕು ಎಂದು ನಾವಿಬ್ಬರೂ ಜಗಳಾಡಿದ್ದೆವು. ಹಲಗೆಯ ಮೇಲ್ಮೈಯೇ ಸೊನ್ನೆ ಎಂದು ನಾನು, ನಾನು ನೋಡಿದ ವಿಡಿಯೊದಲ್ಲಿ ಹಾಗೇ ಇತ್ತು. ಹಲಗೆ ಕೂತ ಮೇಜೇ ಸೊನ್ನೆ ಎಂದು ನೀನು. "ಮ್ಯಾಲಿಂದು ಕೆತ್ತಿ ಹೋಗ್ತೈತಿ. ಬಿಟ್ ಬದಲಿ ಮಾಡಿದ ಮ್ಯಾಲ ಮತ್ತ ಎಲ್ಲಿಂದ ಅಳೀತಿ, ಇಂಗ್ಲಿಷ್ ಅವ್ವಾ?" ಎಂದು ನಕ್ಕಿದ್ದೆ. ನನಗೆ ಸಿಟ್ಟು ಬಂದಿತ್ತು.

ನೀನು ಹೋಗಿ ತಿಂಗಳೊಪ್ಪತ್ತಿನಲ್ಲಿ ಕಾಖಂಡಕಿಯ ಮಾಸ್ತರರು ಬಂದರು. ಕೆಡವಿದ ಹಳೆಯ ಮನೆಯ ಬಾಗಿಲಿನಲ್ಲಿ ಉಳಿದದ್ದು ಒಂದೇ ಸಾಗವಾನಿ ಹಲಗೆ. ಅದರ ಮೇಲೆ ಬಳ್ಳಿ, ನಡುವೆ ಅವರ ತಾಯಿಯ ಹೆಸರು ಶಾಂತವ್ವ ಎಂದು ಕೆತ್ತಬೇಕಿತ್ತು. ನೀನು ಒಪ್ಪಿಕೊಂಡ ಕೆಲಸ. ದಪ್ಪ ಬಿಟ್‌ಗೊಂದು, ಸಣ್ಣದಕ್ಕೊಂದು ಎಂದು ಬಳ್ಳಿಯ ಎರಡು ಫೈಲು ನೀನೇ ಮಾಡಿಟ್ಟಿದ್ದೆ, ಹೆಸರಿನದು ಉಳಿದಿತ್ತು.

"ತಂಗಿ, ಇಂಥಾ ಹಲಗಿ ಇನ್ನೊಂದಿಲ್ಲ. ಕೆಟ್ಟರ ಹೋತು. ನಿನಗ ಬರ್ತೈತೇನು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬರ್ತೈತಿ ತಗೋರಿ ಸರ, ಆಕಿ ಇಂಜಿನಿಯರ್," ಎಂದಳು.

"ಅತ್ತಿ, ಇನ್ನೂ ಫಸ್ಟ್ ಸೆಮ್..."

"ಸುಮ್ನ ಕೂಡ್ ಬೇ, ಅವರಿಗೇನ್ ಗೊತ್ತಾಗ್ತೈತಿ," ಎಂದು ಪಿಸುಗುಟ್ಟಿದಳು.

ಹಾಸ್ಟೆಲ್ಲಿನಲ್ಲಿ ನಿನ್ನ ಫೈಲು ತೆರೆದೆ. ಕಂಸದೊಳಗೆ ಬರೆದದ್ದನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗೆ ಮಾತ್ರ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನಿನ್ನ ಕನ್ನಡ: "ಇಲ್ಲಿ ಬಿಟ್ ಬದಲಿಸು. ಚಾ ಕುಡಿ. ಗಡಿಬಿಡಿ ಬ್ಯಾಡ." ಯಾರಿಗೆ ಬರೆದಿದ್ದೆ ಮಾಮಾ? ನಿನಗೇ? ಮೊದಲೆರಡು ಫೈಲುಗಳ ಕೊನೆಯಲ್ಲಿದ್ದ ಮುಕ್ತಾಯದ ಸಾಲು ಅಳಿಸಿದೆ, ಇಲ್ಲದಿದ್ದರೆ ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ಅವುಗಳ ಬಾಲಕ್ಕೆ ನಾನು ಮಾಡಿದ ಹೆಸರಿನ ಫೈಲು ಅಂಟಿಸಿದೆ. ಮೂರೂ ಸೇರಿ ಒಂದಾಯಿತು ಎಂದುಕೊಂಡೆ.

ಶನಿವಾರ ಮಾಸ್ತರರ ಎದುರಿಗೇ ಹಲಗೆ ಬಿಗಿದು, ನಿನ್ನ ಹಾಗೆಯೇ ಮೇಜಿನಿಂದ ಸೊನ್ನೆ ಹಿಡಿದೆ. ಹೊಸ ಫೈಲನ್ನು ನೀನು ಎಂದೂ ನೇರವಾಗಿ ಮರಕ್ಕೆ ಇಳಿಸಿದವನಲ್ಲ, ಮೊದಲು ಎರಡು ಬೆರಳು ಮೇಲೆ ಖಾಲಿ ಓಡಿಸುತ್ತಿದ್ದೆ. ನಾನೂ ಮೂವತ್ತು ಮಿಲಿಮೀಟರ್ ಏರಿಸಿ ಓಡಿಸಿದೆ. ಬಳ್ಳಿ ಗಾಳಿಯಲ್ಲಿ ಸರಾಗವಾಗಿ ಹರಿಯಿತು. ಹೆಸರು ಬಂದದ್ದೇ ತಡ, ಬಿಟ್ ದಡಕ್ಕನೆ ಕೆಳಗಿಳಿಯಿತು. ಹಲಗೆಗೆ ಮೂರೇ ಮಿಲಿಮೀಟರ್ ಬಾಕಿ! ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ.

"ಏನಾತ ಬೇ?" ಎಂದು ಅತ್ತೆ ಓಡಿಬಂದಳು. ಮಾಸ್ತರರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಿನ್ನ ಬಳ್ಳಿಯ ಲೆಕ್ಕ ಮೇಜಿನಿಂದ. ನನ್ನ ಹೆಸರಿನ ಲೆಕ್ಕ, ಹಳೆಯ ಚಟದಂತೆ, ಹಲಗೆಯ ಮೇಲಿನಿಂದ. ನೇರವಾಗಿ ಮರಕ್ಕೆ ಇಳಿಸಿದ್ದರೆ ಶಾಂತವ್ವನ ಹೆಸರು ಹಲಗೆಯನ್ನು ಸೀಳಿಕೊಂಡು ಮೇಜಿನೊಳಗೆ... ಹಲಗೆಯ ದಪ್ಪ ಇಪ್ಪತ್ತೈದು ಮಿಲಿಮೀಟರ್. ಹೆಸರಿನ ಭಾಗದ ಪ್ರತಿ ಎತ್ತರಕ್ಕೂ ಇಪ್ಪತ್ತೈದು ಕೂಡಿಸಿದೆ. ಮತ್ತೊಮ್ಮೆ ಖಾಲಿ ಓಡಿಸಿ, ಆಮೇಲೆ ಮರಕ್ಕೆ ಬಿಟ್ಟೆ.

ಮಾಮಾ, ಆಗ ನೋಡಿದ್ದನ್ನು ಹೇಗೆ ಬರೆಯಲಿ? ದಪ್ಪ ಬಿಟ್ ಬಳ್ಳಿಯ ಸುತ್ತಲಿನ ಮೇಲ್ಮೈಯನ್ನೆಲ್ಲ ತಿಂದುಹಾಕಿತ್ತು. ಅಳೆಯಲು ಅಲ್ಲಿ ಹಳೆಯ ಮೇಲ್ಮೈಯೇ ಉಳಿದಿರಲಿಲ್ಲ. ಸಣ್ಣ ಬಿಟ್ ಹಾಕಿ ಮತ್ತೆ ಮೇಜಿನಿಂದಲೇ ಸೊನ್ನೆ ಹಿಡಿದೆ. ಅದು ಕೂದಲೆಳೆಯಷ್ಟೂ ತಪ್ಪದೆ ಎಲೆಯ ನರಕ್ಕೇ ಇಳಿಯಿತು. ನೀನು ನಕ್ಕದ್ದು ಯಾಕೆಂದು ಎರಡು ವರ್ಷದ ಮೇಲೆ ತಿಳಿಯಿತು.

ಮಾಸ್ತರರು ಪುಡಿ ಊದಿ, ಹಲಗೆಯ ಮೇಲೆ ಕೈಯಾಡಿಸಿದರು. "ಇದರಾಗ ಅವಂದ್ ಯಾವ್ದು, ನಿಂದ್ ಯಾವ್ದು?"

"ಬಳ್ಳಿ ಮಾಮಾಂದ್ರಿ, ಹೆಸರು ನಂದು."

"ಕೂಡಿಸಿದ್ದು ಕಾಣಂಗೇ ಇಲ್ಲಲ್ಲ!"

ನಿನಗೆ ಗೊತ್ತಿರದ ಸುದ್ದಿ: ಯಂತ್ರವನ್ನು ಬಬಲೇಶ್ವರದವರೊಬ್ಬರಿಗೆ ಮಾರುವ ಮಾತಾಗಿತ್ತು. ಅತ್ತೆ ಈಗ ಕೊಡುವುದಿಲ್ಲವಂತೆ. ಮುಂದಿನ ಶನಿವಾರ ಜೈನಾಪುರದವರ ಬಾಗಿಲಿಗೆ ಇದೇ ಬಳ್ಳಿ ಬೇಕಂತೆ, ಅದನ್ನೂ ನಾನೇ ಜೋಡಿಸಬೇಕು. ನಿನ್ನ ಎರಡನೇ ಫೈಲಿನಲ್ಲಿ, ನಾನು ಅಳಿಸಿದ ಮುಕ್ತಾಯದ ಸಾಲಿಗೆ ಮೊದಲು, ಇನ್ನೊಂದು ಸಾಲಿದೆ. ಬಿಟ್ ಮೇಲೆದ್ದು ನಾಲ್ಕು ಸೆಕೆಂಡು ಸುಮ್ಮನೆ ನಿಲ್ಲುತ್ತದೆ. ಏನನ್ನೂ ಕೆತ್ತುವುದಿಲ್ಲ. ಅಂದು ಅದು ನಿಂತಾಗ ನಾವು ಮೂವರೂ ಬಳ್ಳಿಯನ್ನು ನೋಡಲು ಬಗ್ಗಿದೆವು. ಅದು ಯಾಕೆಂದು ನನಗೆ ತಿಳಿಯುತ್ತಿಲ್ಲ. ಆ ಸಾಲನ್ನು ಇಡಲೋ, ತೆಗೆಯಲೋ? ಶನಿವಾರದೊಳಗೆ ಉತ್ತರ ಬರೆ.

ನಿನ್ನ ಸೊಸಿ