ಹಳದಿ ವೈರಿಗೆ ಜಾಗವಿಲ್ಲದ ಟಿವಿ

ಮೂಡಲಪಾಳ್ಯ
18-11-2006, ಶನಿವಾರ

ರಾಮಮ್ಮಕ್ಕನವರಿಗೆ ಅನಂತಲಕ್ಷ್ಮಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಕಂಡ ಕೂಡಲೇ ಮಡಚಿ ಇಟ್ಟುಬಿಡಬೇಡಿ ಅಕ್ಕ. ಕೊನೆಯವರೆಗೂ ಓದಿ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಅಂಗಡಿ ಬೂತಿನವರೆಗೆ ಹೋಗಿ ವಾಪಸ್ಸು ಬಂದೆ. ಇದು ಬಾಯಲ್ಲಿ ಹೇಳಲು ನನ್ನ ಕೈಲಿ ಆಗುವ ಮಾತಲ್ಲ.

ನಿಮ್ಮ ತಮ್ಮ ನಮ್ಮನ್ನು ಬಿಟ್ಟು ಹೋಗಿ ಎರಡು ವರ್ಷ ಒಂಬತ್ತು ತಿಂಗಳು. ನೀವು ನಾನು ಮಾತು ಬಿಟ್ಟೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಕೆಂಗೇರಿ ಏನು ದೂರವೇ? ಆದರೂ ನಿಮ್ಮ ಮೊಮ್ಮಗನ ನಾಮಕರಣಕ್ಕೆ ನಾನು ಬರಲಿಲ್ಲ. ಧನ್ಯಳನ್ನೂ ಕಳಿಸಲಿಲ್ಲ. ಅವಳು ಅತ್ತೆ ಅತ್ತೆ ಎಂದು ನಿಮ್ಮ ಹಿಂದೆ ಬೆಳೆದ ಹುಡುಗಿ, ಅವತ್ತು ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಹೋದ ವಾರ ಪದ್ಮನಾಭ ಅವರು ಮನೆಗೆ ಬಂದಿದ್ದರು. ಬಿನ್ನಿಪೇಟೆ ಪ್ರೆಸ್ಸಿನಲ್ಲಿ ನಿಮ್ಮ ತಮ್ಮನ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿದ್ದವರು, ನಿಮಗೆ ಗೊತ್ತಲ್ಲ. ನೀವೂ ಬಂದಿದ್ದ ಅವರ ಮಗಳ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿದೆ ಎಂದು ಎಲ್ಲವನ್ನೂ ಡಿಸ್ಕಿಗೆ ಹಾಕಿಸಿದರಂತೆ. ಹಾಕಿಸುವಾಗ ಅದರೊಳಗೆ ನಿಮ್ಮ ತಮ್ಮ ಓಡಾಡುವುದು ಕಂಡಿತಂತೆ. "ನಿಮಗೂ ಒಂದು ಇರಲಿ ಅಂತ ಕಾಪಿ ಮಾಡಿಸಿದೆ ತಾಯಿ" ಎಂದು ಕೈಗಿಟ್ಟು, ಕಾಫಿಗೂ ಕೂರದೆ ಹೊರಟುಬಿಟ್ಟರು.

ಅಕ್ಕ, ನಮ್ಮ ಮನೆಯಲ್ಲಿ ನಿಮ್ಮ ತಮ್ಮನದ್ದು ಇರುವುದು ಮೂರು ಫೋಟೋ. ಮೂರರಲ್ಲೂ ಶಾಲೆಯಲ್ಲಿ ನಿಲ್ಲಿಸಿದ ಹಾಗೆ ಬಿಗಿದುಕೊಂಡು ನಿಂತಿದ್ದಾರೆ. ಅವರು ನಡೆಯುತ್ತಿದ್ದದ್ದು ಹೇಗೆ, ತಿರುಗಿ ನೋಡುತ್ತಿದ್ದದ್ದು ಹೇಗೆ ಅನ್ನುವುದು ನನಗೇ ಮಸುಕಾಗುತ್ತಿತ್ತು. ಮಾರನೆಯ ದಿನವೇ ವಿಜಯನಗರಕ್ಕೆ ಹೋಗಿ ಡಿವಿಡಿ ಪ್ಲೇಯರ್ ತಂದೆ.

ತಂದು ನೋಡಿದರೆ ಅದರಲ್ಲಿ ಮೂರು ವೈರು, ಹಳದಿ, ಬಿಳಿ, ಕೆಂಪು. ನಮ್ಮ ಟಿವಿ ಅದೇ ಹಳೆಯದು, ಮರದ ಪೆಟ್ಟಿಗೆಯದ್ದು. ಗೋಡೆಯಿಂದ ಸರಿಸಿ, ಹಿಂದೆಲ್ಲ ಧೂಳು ಒರೆಸಿ ಹುಡುಕಿದರೂ ಆಂಟೆನಾದ ತೂತು ಒಂದು ಬಿಟ್ಟರೆ ಬೇರೆ ಏನೂ ಇಲ್ಲ. ಧನ್ಯ ಹಳದಿ ವೈರನ್ನು ಅದಕ್ಕೇ ತುರುಕಲು ನೋಡಿದಳು, ಕೂರಲಿಲ್ಲ. ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಡಿಸ್ಕಿನೊಳಗೆ ಅವರಿದ್ದಾರೆ, ನೋಡಲು ದಾರಿಯಿಲ್ಲ.

ಮೇನ್ ರೋಡಿನಲ್ಲಿ ಟಿವಿ ರಿಪೇರಿ ಮಾಡುವ ವೆಂಕಟಗಿರಿ ಎಂಬುವವರ ಹತ್ತಿರ ಹೋದೆ. "ಇಷ್ಟು ಹಳೇ ಸೆಟ್ಟಾ? ಹೊಸದು ತಗೊಂಬಿಡಿ ಅಮ್ಮ" ಅಂದರು. ಯಾತಕ್ಕೆ ಬೇಕೆಂದು ಹೇಳಿದೆ. ಅವರು ಬೆಸುಗೆ ಹಾಕುವುದನ್ನು ನಿಲ್ಲಿಸಿ, ಒಳಗಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿಯೊಂದನ್ನು ತಂದರು. "ಮೂರು ವೈರೂ ಇದಕ್ಕೆ ಹಾಕಿ. ಇದರಿಂದ ಒಂದೇ ವೈರು ಆಂಟೆನಾ ತೂತಿಗೆ. ಪ್ಲೇಯರ್ ಆನ್ ಮಾಡ್ಕೊಂಡು, ಖಾಲಿ ಚಾನೆಲ್ಲಲ್ಲಿ ನಿಧಾನಕ್ಕೆ ಟ್ಯೂನ್ ಮಾಡ್ತಾ ಹೋಗಿ. ಅವಸರ ಮಾಡಬೇಡಿ, ದಾಟಿಬಿಡುತ್ತೆ" ಅಂದರು.

ಭಾನುವಾರ ಊಟವಾದ ಮೇಲೆ ಹಚ್ಚಿದೆವು. ಟಿವಿಯ ಮುಂದಿನ ಪುಟ್ಟ ಬಾಗಿಲು ತೆಗೆದು, ಒಳಗಿನ ಸಣ್ಣ ಚಕ್ರವನ್ನು ಧನ್ಯ ತಿರುಗಿಸುತ್ತಾ ಹೋದಳು. ಪರದೆಯ ತುಂಬ ಅಕ್ಕಿ ಸುರಿದ ಹಾಗೆ ಚುಕ್ಕಿ. ಒಮ್ಮೆ ಏನೋ ಮಿಂಚಿ ಹೋಯಿತು. "ದಾಟಿಹೋಯ್ತು, ಹಿಂದಕ್ಕೆ ತಿರುಗಿಸೇ" ಎಂದು ಕೂಗಿಕೊಂಡೆ. ಅವಳು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಆರ್‌ಪಿಸಿ ಲೇಔಟಿನ ಆ ಛತ್ರದ ಬಾಗಿಲು, ಬಾಳೆಕಂಬ, ಪನ್ನೀರು ಚಿಮುಕಿಸುವ ಹುಡುಗಿಯರು, ಎಲ್ಲ ಬಂತು. ಮಾತು ಮಾತ್ರ ಒಂದೂ ಇಲ್ಲ. ವಿಡಿಯೋದವರು ಎಲ್ಲರ ದನಿ ಅಳಿಸಿ ಉದ್ದಕ್ಕೂ ಓಲಗ ಹಾಕಿದ್ದಾರೆ.

ಮುಕ್ಕಾಲು ಗಂಟೆಯಾದ ಮೇಲೆ ನಿಮ್ಮ ತಮ್ಮ ಬಂದರು.

ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಬಡಿಸುತ್ತಿದ್ದಾರೆ. ಪಂಚೆ ಎತ್ತಿ ಕಟ್ಟಿದ್ದಾರೆ. ಕ್ಯಾಮೆರಾ ಕಂಡು ನಾಚಿಕೊಂಡು ನಕ್ಕರು. ಧನ್ಯ ಎದ್ದು ಹೋಗಿ ಗಾಜಿನ ಮೇಲೆ ಕೈ ಇಟ್ಟಳು. ನಾನು ಅತ್ತುಬಿಟ್ಟೆ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ ಅಕ್ಕ.

ಸ್ವಲ್ಪ ಹೊತ್ತಿಗೆ ಹೆಂಗಸರ ಕಡೆ ತೋರಿಸುತ್ತಾರೆ. ನಾನು ಹಸಿರು ಸೀರೆಯಲ್ಲಿ ಯಾರ ಜೊತೆಯೋ ಹರಟುತ್ತಾ ಕೂತಿದ್ದೇನೆ. ನಿಮ್ಮ ತಮ್ಮ ಹಿಂದಿನಿಂದ ಬಂದು, ಬಗ್ಗಿ ಏನೋ ಹೇಳುತ್ತಾರೆ. ಒಂದು ಕೈ ಎದೆಯ ಮೇಲಿದೆ. ನಾನು ಅವರ ಮುಖ ನೋಡುವುದಿಲ್ಲ. ಸೊಳ್ಳೆ ಓಡಿಸಿದ ಹಾಗೆ ಕೈ ಆಡಿಸುತ್ತೇನೆ. ಅವರು ಒಂದು ಕ್ಷಣ ನಿಂತು ಹೊರಟುಹೋಗುತ್ತಾರೆ.

"ಅಪ್ಪ ಏನಮ್ಮ ಹೇಳಿದ್ದು?" ಎಂದು ಧನ್ಯ ಕೇಳಿದಳು. ಊಟಕ್ಕೆ ಏಳು ಅಂದರು ಎಂದೆ.

ಸುಳ್ಳು. ಅವರು ಹೇಳಿದ್ದು, "ಎದೆ ಹಿಡ್ಕೊಂಡ ಹಾಗಿದೆ ಕಣೇ, ಮನೆಗೆ ಹೋಗೋಣ ಬಾ" ಎಂದು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಗ್ಯಾಸು. ಒಂದು ಸೋಡಾ ಕುಡೀರಿ" ಅಂದೆ. ಇನ್ನೂ ಊಟವಾಗಿರಲಿಲ್ಲ, ತಾಂಬೂಲ ಕೊಟ್ಟಿರಲಿಲ್ಲ, ನನಗೆ ಏಳುವ ಮನಸ್ಸಿರಲಿಲ್ಲ. ಅವರು ಮತ್ತೆ ಬರಲಿಲ್ಲ. ಮನೆಗೆ ಬಂದ ಮೇಲೆ ನಾನೂ ಕೇಳಲಿಲ್ಲ. ಮೂರನೇ ದಿನ ಪ್ರೆಸ್ಸಿನ ಗೇಟಿನಲ್ಲಿ ಬಿದ್ದರು.

ಹನ್ನೊಂದನೇ ದಿನ ಎಲ್ಲರ ಮುಂದೆ ನೀವು ನನ್ನನ್ನು ಕೇಳಿದಿರಿ, "ನಿನಗೆ ಅವನು ಏನೂ ಹೇಳಲೇ ಇಲ್ವಾ?" ಎಂದು. ಇಲ್ಲ ಅಂದೆ. ದೀಪ ಮುಟ್ಟಿ ಇಲ್ಲ ಅಂದೆ. ಆಮೇಲೆ, ಅಷ್ಟು ಜನರ ಮುಂದೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಿರಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ. ನಿಮ್ಮ ಮೇಲೆ ಕೋಪ ಇಟ್ಟುಕೊಂಡರೆ ನನಗೆ ನಿದ್ದೆ ಬರುತ್ತಿತ್ತು.

ನಿನ್ನೆ ಧನ್ಯಳಿಗೆ ನಿಜ ಹೇಳಿದೆ. ಅವಳು "ಅತ್ತೆಗೂ ಹೇಳು" ಅಂದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ನಿಮ್ಮನ್ನೂ ಕೇಳುವುದಿಲ್ಲ.

ಒಮ್ಮೆ ಬಂದು ನಿಮ್ಮ ತಮ್ಮನನ್ನು ನೋಡಿಕೊಂಡು ಹೋಗಿ ಅಕ್ಕ. ಭಾನುವಾರ ಇಬ್ಬರೂ ಮನೆಯಲ್ಲೇ ಇರುತ್ತೇವೆ.

ಇಂತಿ,
ನಿಮ್ಮ ತಮ್ಮನ ಹೆಂಡತಿ
ಅನಂತಲಕ್ಷ್ಮಿ

ಮರೆತು ಬಿಟ್ಟದ್ದಲ್ಲ, ಬರೆಯುವುದೋ ಬೇಡವೋ ಎಂದು ಕವರು ಅಂಟಿಸದೆ ಇಟ್ಟಿದ್ದೆ. ಬಂದು ಒಮ್ಮೆಲೇ ನೋಡಿದರೆ ನಿಮಗೆ ತಡೆಯಲಾಗದು ಎಂದು ಈಗಲೇ ತಿಳಿಸುತ್ತಿದ್ದೇನೆ. ಅವರು ನನ್ನ ಹತ್ತಿರ ಬರುವುದಕ್ಕೆ ಮೊದಲು, ಕೈ ತೊಳೆಯುವ ಜಾಗದ ಹತ್ತಿರ ನಿಮ್ಮ ಜೊತೆ ನಿಂತಿದ್ದಾರೆ. ಆಗಲೂ ಕೈ ಎದೆಯ ಮೇಲೇ ಇದೆ. ನೀವು ಅವರ ಬೆನ್ನು ಸವರಿ, ನಾನು ಕೂತಿದ್ದ ಕಡೆ ಕೈ ತೋರಿಸಿ ಕಳಿಸುತ್ತೀರಿ. ಧನ್ಯ ಅದನ್ನು ಗಮನಿಸಿಲ್ಲ, ನಾನೂ ತೋರಿಸಿಲ್ಲ. ಅದಕ್ಕೋಸ್ಕರ ಬರದೇ ಇರಬೇಡಿ.