ಕನ್ನಡಿಯೊಳಗಿನ ಶಿಜು

ನವೆಂಬರ್ 6, ಗುರುವಾರ

ಇವತ್ತೂ ಕಪ್ಪು. ತೆಗೆದ ಚಿತ್ರಗಳಲ್ಲಿ ಕೂತಿರುವುದು ಹೆಂಡತಿ ಶಿಜುವೋ ಬೀರುವೋ ಹೇಳುವುದು ಕಷ್ಟ.

ಬೆಳಗ್ಗೆ ಸಮುದಾಯ ಭವನದಲ್ಲಿ ಕ್ಯಾಮೆರಾ ಕ್ಲಾಸು. ಲೆನ್ಸಿನ ಕಿಂಡಿಯ ಪಾಠ. ಕಿಂಡಿ ದೊಡ್ಡದಾದಷ್ಟೂ ಅಂಕಿ ಚಿಕ್ಕದು. ಯಾಕೆ ಹಾಗೆ ಎಂದು ಕೇಳಿದೆ. ಇಗಾರಶಿ ಮೇಡಂ ನಕ್ಕರು. ನನ್ನ ಮಗಳ ವಯಸ್ಸು, ಶಾಲೆಗಳಿಗೆ ಹೋಗಿ ಮಕ್ಕಳ ಫೋಟೊ ತೆಗೆಯುತ್ತಾರಂತೆ.

"ತೊಗಾಶಿಯವ್ರೇ, ಟ್ರಾಮಿನ ಬ್ರೇಕ್ ಬಲಗಡೆನೇ ಯಾಕೆ ಅಂತ ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಓಡಿಸಿದ್ದೆ, ಅಷ್ಟೇ.

ಟ್ರಾಮ್ ಓಡಿಸುವ ಕೆಲಸದಿಂದ ನಿವೃತ್ತನಾದರೂ ಅದರ ಚಾಳಿ ಬಿಟ್ಟಿಲ್ಲ. ಕಂಡದ್ದಕ್ಕೆಲ್ಲ ಬೆರಳು ತೋರಿಸಿ ಗಟ್ಟಿಯಾಗಿ ಹೇಳಬೇಕು — "ಸಿಗ್ನಲ್ ಹಸಿರು, ಸರಿ! ಬಾಗಿಲು ಮುಚ್ಚಿದೆ, ಸರಿ!" ಕಣ್ಣು, ಕೈ, ಬಾಯಿ ಮೂರೂ ಒಪ್ಪಿದ ಮೇಲೆಯೇ ಗಾಡಿ ಕದಲಬೇಕು. ಇವತ್ತು ಕ್ಯಾಮೆರಾಕ್ಕೂ ಹಾಗೇ ಮಾಡಿದೆ. "ಐಎಸ್‌ಒ, ಸರಿ! ಕಿಂಡಿ, ಸರಿ!" ಹಕ್ಕಿಗಳ ಹೊರತು ಬೇರೇನನ್ನೂ ತೆಗೆಯದ ಓಕಿತ್ಸು ಹಿಂದಿನ ಸಾಲಿನಿಂದ ಕೂಗಿದ — "ಡ್ರೈವರಣ್ಣ, ಆಸ್ಪತ್ರೆ ಸ್ಟಾಪಲ್ಲಿ ನಿಲ್ಸಪ್ಪ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಮನೆಗೆ ಬಂದು ಶಿಜುವನ್ನು ಕೂರಿಸಿ ತೆಗೆದರೆ ಚಿತ್ರ ಕಪ್ಪು. ಲೆನ್ಸಿನ ಮುಚ್ಚಳಕ್ಕೆ ಬೆರಳು ತೋರಿಸುವುದನ್ನೇ ಮರೆತಿದ್ದೆ.

ನವೆಂಬರ್ 13, ಗುರುವಾರ

ಶಟರ್ ವೇಗದ ಪಾಠ. ಸೆಕೆಂಡನ್ನು ಎಷ್ಟು ಚೂರು ಮಾಡುತ್ತೀರೋ ಅಷ್ಟು ಅಲುಗಾಟ ನಿಲ್ಲುತ್ತದೆ. ಶಿಜುವಿನ ಕೈ ಅಲುಗುತ್ತದೆ, ನನ್ನದೂ. ಅವಳದು ಕಂಪವಾತ, ನನ್ನದು ಸುಮ್ಮನೆ ವಯಸ್ಸು.

ಅವಳ ಕೈಗೆ ನಾನು ಹೆದರುತ್ತಿಲ್ಲ. ಮುಖಕ್ಕೆ ಹೆದರುತ್ತಿದ್ದೇನೆ. ಡಾಕ್ಟರು ಮೊದಲೇ ಹೇಳಿದ್ದರು, ಮುಖ ಬಿಗಿಯಾಗುತ್ತಾ ಹೋಗುತ್ತದೆ, ಒಳಗೆ ನಗು ಬಂದರೂ ಹೊರಗೆ ಕಾಣುವುದಿಲ್ಲ ಎಂದು. ಬೆಳಗಿನ ಮಾತ್ರೆ ಕೆಲಸ ಮಾಡುವಾಗ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ತುಟಿಯ ಒಂದು ತುದಿ ಮೇಲೇಳುತ್ತದೆ. "ಮುಖ ಬಂತು" ಅನ್ನುತ್ತಾಳೆ ಅವಳು, ನಲ್ಲಿಯಲ್ಲಿ ನೀರು ಬಂತು ಅನ್ನುವ ಹಾಗೆ. ಮೊದಲು ಮಧ್ಯಾಹ್ನದವರೆಗೂ ಇರುತ್ತಿತ್ತು. ಈಗ ತಿಂಡಿಯ ಬಟ್ಟಲು ತೊಳೆಯುವಷ್ಟರಲ್ಲಿ ಹೋಗಿಬಿಡುತ್ತದೆ.

ಅದು ಪೂರ್ತಿ ಹೋಗುವ ಮೊದಲು ಅವಳಿಗೆ ತನ್ನ ಕೊನೆಯ ಫೋಟೊ ಬೇಕು, ಸತ್ತ ಮೇಲೆ ಪೂಜಾಗೂಡಿನ ಮೇಲೆ ಇಡುವಂಥದ್ದು. ಸ್ಟುಡಿಯೊಗೆ ಬಾ ಎಂದರೆ ಬರುವುದಿಲ್ಲ. "ಅಲ್ಲಿ ಹೋಗೋ ಹೊತ್ತಿಗೆ ಮುಖ ಇರಲ್ಲ. ನೀವೇ ತೆಗೀರಿ."

ಅಮ್ಮನ ಫೋಟೊ ನೋಡಿ ನೋಡಿ ಅವಳಿಗೆ ಈ ಹಟ. ಅಮ್ಮ ಹೋದಾಗ ಮನೆಯಲ್ಲಿ ಒಂದೂ ಒಳ್ಳೆಯ ಚಿತ್ರವಿರಲಿಲ್ಲ. ಶವಸಂಸ್ಕಾರದವರು ಬಿಸಿನೀರಿನ ಬುಗ್ಗೆಗೆ ಹೋದಾಗಿನ ಗುಂಪು ಫೋಟೊದಿಂದ ತಲೆ ಕತ್ತರಿಸಿ, ತಮ್ಮಲ್ಲಿದ್ದ ಕಪ್ಪು ಕಿಮೊನೊದ ಸಿದ್ಧ ಚಿತ್ರದ ಮೇಲೆ ಅಂಟಿಸಿಕೊಟ್ಟರು. ಕುಸ್ತಿಯವನ ಭುಜ. ಕಿವಿಯ ಹಿಂದೆ ಚಿಕ್ಕಪ್ಪನ ಎರಡು ಬೆರಳು.

"ಅತ್ತೆಗೆ ಊದುಬತ್ತಿ ಹಚ್ಚಿದಾಗೆಲ್ಲ ಯಾವನೋ ಗುರುತಿಲ್ಲದವನ ಭುಜಕ್ಕೂ ಸೇರಿಸಿ ಕೈಮುಗಿದಂಗಾಗತ್ತೆ. ನಂಗೆ ಆ ಗತಿ ಬೇಡ ರೀ."

ನವೆಂಬರ್ 27, ಗುರುವಾರ

ಬೆಳಕಿನ ಪಾಠ. ಕ್ಲಾಸಿನಿಂದ ಓಡಿಕೊಂಡೇ ಬಂದೆ. ಹೊರಗೆ ಹಿಮದ ಮೋಡ. ಕಾಗದದ ಬಾಗಿಲು ಎಳೆದರೆ ಒಳಗೆ ಹಾಲಿನಂಥ ಬೆಳಕು. ನೆರಳು ಬಿದ್ದ ಕೆನ್ನೆಯ ಕಡೆ ಬಿಳಿ ಹಲಗೆ ಹಿಡಿಯಿರಿ ಎಂದಿದ್ದರು ಮೇಡಂ. ಹಲಗೆ ಎಲ್ಲಿ? ಬುರಿ ಮೀನು ಬಂದಿದ್ದ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೊಳೆದು ನಿಲ್ಲಿಸಿದೆ.

"ಬೆಳಕಿಗೂ ಮೀನಿನ ವಾಸನೆ."

"ಅಲುಗಾಡ್ಬೇಡ."

"ಇದು ನಂಗೆ ಹೇಳೋ ಮಾತಾ?"

ಕಾಯಿಲೆಗೆ ಮುಂಚೆ ತಾನೇ ಹೊಲಿದ ಬೂದುನೀಲಿ ಕಿಮೊನೊ ಉಟ್ಟಿದ್ದಳು. ಈಗ ಉಡಿಸಿದ್ದು ನಾನು. ಬೆಳಗಿನ ಮಾತ್ರೆಯನ್ನು ನಾನು ಬರುವವರೆಗೂ ತಡೆದಿಟ್ಟು ನುಂಗಿದ್ದಳು, ಆದರೂ ಮುಖ ಹೋಗುವುದರಲ್ಲಿತ್ತು. ಸ್ವಲ್ಪವೇ ಉಳಿದಿತ್ತು. ಒತ್ತಿದೆ.

ಬಂದಿದೆ! ಕಣ್ಣಿನಲ್ಲಿ ಕಿಟಕಿಯ ಚುಕ್ಕೆ ಕೂಡ ಬಂದಿದೆ. ಎಡಗೆನ್ನೆಯ ಮಚ್ಚೆ, ಮೇಲೆದ್ದ ತುಟಿ. ನನ್ನ ಶಿಜು.

ನವೆಂಬರ್ 28

ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದೆ. ಕನ್ನಡಕ ಹಾಕಿಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು.

"ಚೆನ್ನಾಗಿ ತೆಗೆದಿದೀರಿ. ಆದ್ರೆ ಇವ್ಳು ಯಾರು?"

ಮಚ್ಚೆ ಆ ಕಡೆ ಹೋಗಿದೆ, ಬೈತಲೆ ಉಲ್ಟಾ, ಬಾಯಿ ಬೇರೆ ಕಡೆ ಸೊಟ್ಟ ಎಂದಳು. ನನಗೆ ಏನೂ ಉಲ್ಟಾ ಕಾಣಲಿಲ್ಲ. ಕೊನೆಗೆ ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಂತಳು. ಫೋಟೊ ಪಕ್ಕಕ್ಕೆ ಹಿಡಿದಳು.

"ನೋಡಿ. ಇದು ನಾನು. ಇದು ನನ್ನ ಹಾಗಿರೋ ಇನ್ನೊಬ್ಳು."

ಆಮೇಲೆ ಊಟಕ್ಕೆ ಮೂಲಂಗಿ ಬೇಯಿಸಿದೆ. ಉಪ್ಪು ಮರೆತು ಬಡಿಸಿದೆ.

ಡಿಸೆಂಬರ್ 18, ಗುರುವಾರ

ಮೇಡಂ ಹತ್ತಿರ ಕೇಳಿದೆ. "ಎಲ್ಲರಿಗೂ ಹೀಗೇ. ತಮ್ಮ ಮುಖ ತಮಗೆ ಕನ್ನಡಿಯಲ್ಲಷ್ಟೇ ಗೊತ್ತಲ್ವಾ" ಎಂದರು. ಕಂಪ್ಯೂಟರಿನಲ್ಲಿ ಒಂದು ಗುಂಡಿ ತೋರಿಸಿದರು. ಒತ್ತಿದರೆ ಎಡ ಬಲವಾಗುತ್ತದೆ. ಇಷ್ಟೇನಾ! ಖುಷಿಯಿಂದ ಟ್ರಾಮಿನಲ್ಲಿ ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ. ನಾನು!

ತಿರುಗಿಸಿದ ಚಿತ್ರ ಕೊಟ್ಟೆ. "ಹೂಂ" ಎಂದಳು. "ಇದು ನಾನೇ." ಬೆರಳಿನಿಂದ ಮಚ್ಚೆ ಮುಟ್ಟಿದಳು. ಮೂಗು, ತುಟಿ. ಬೆರಳು ಕೊರಳಿಗಿಳಿದು ಅಲ್ಲೇ ನಿಂತಿತು.

"ರೀ. ನನ್ನನ್ನ ಆಗ್ಲೇ ಕಳಿಸಿಬಿಟ್ರಾ?"

ಎದೆಯ ಮೇಲೆ ಕಿಮೊನೊದ ಬಲ ಮಡಿಕೆ ಮೇಲಿತ್ತು, ಎಡ ಒಳಗೆ. ಬದುಕಿರುವವರಿಗೆ ಎಡ ಮೇಲೆ; ಇದು ಹೆಣಕ್ಕೆ ಉಡಿಸುವ ರೀತಿ. ಮುಖದ ಜೊತೆ ಬಟ್ಟೆಯೂ ತಿರುಗುತ್ತದೆಂದು ನನಗೆ ಹೊಳೆಯಲೇ ಇಲ್ಲ. ಚಿಕ್ಕ ಮಕ್ಕಳು ತಪ್ಪಿ ಹಾಗೆ ಉಟ್ಟರೂ ಹಿರಿಯರು ಓಡಿಬಂದು ಬಿಚ್ಚಿಸುತ್ತಾರೆ. ನಾನು ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅವಳ ಕೈಗೇ ಕೊಟ್ಟೆ.

ಅವಳ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಮುಖ ಮಾತ್ರ ಕಲ್ಲು.

ಜನವರಿ 15, ಗುರುವಾರ

ಬಹಳ ದಿನ ಬರೆದಿಲ್ಲ. ಹೊಸವರ್ಷದ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಮುಖ ಕೆಲವು ದಿನ ಬರುವುದೇ ಇಲ್ಲ.

ಮುಖ ಮಾತ್ರ ತಿರುಗಿಸಿ ಮೈಗೆ ಅಂಟಿಸಿಕೊಡುತ್ತೇನೆ, ಗೊತ್ತೇ ಆಗುವುದಿಲ್ಲ ಎಂದರು ಮೇಡಂ. ಮನೆಗೆ ಬಂದು ಹೇಳಿದೆ.

"ಅತ್ತೆಗೆ ಮಾಡಿದ್ದೂ ಅದೇ ತಾನೆ?"

"ಸ್ವೆಟರ್ ಹಾಕ್ಕೋ ಹಾಗಾದ್ರೆ. ಅದಕ್ಕೆ ಎಡ ಬಲ ಇಲ್ಲ."

"ನಾನು ಸತ್ತ ಮೇಲೂ ಸ್ವೆಟರಾ? ಕಿಮೊನೊನೇ. ಉಲ್ಟಾ ಉಡ್ಸಿ, ಫೋಟೊ ತೆಗೀರಿ, ಆಮೇಲೆ ತಿರುಗ್ಸಿ. ಮುಖ ನಂದಾಗತ್ತೆ, ಮಡಿಕೆ ಬದುಕಿರೋರದ್ದಾಗತ್ತೆ."

ಎಷ್ಟು ದಿನದಿಂದ ಯೋಚಿಸಿದ್ದಳೋ.

ಅಮ್ಮನಿಗೆ ಹಾಗೆ ಉಡಿಸುವಾಗ ನನಗೆ ಕೋಣೆಯಲ್ಲಿ ನಿಲ್ಲಲಾಗಿರಲಿಲ್ಲ. ಉಡಿಸಿದವಳು ಶಿಜು. ಅವಳಿಗೆ ಅದು ಬಟ್ಟೆ. ನನಗೆ...

ಕೊನೆಗೆ ಹೇಳಿಯೇಬಿಟ್ಟೆ. "ಆ ಫೋಟೊ ದಿನಾ ನೋಡೋನು ನಾನು. ನಂಗೆ ಗೊತ್ತಿರೋದು ಈ ಕಡೆಯಿಂದ ಕಾಣೋ ನೀನು. ತಿರುಗಿಸಿದ್ರೆ ನಂಗೇ ನೀನು ಬೇರೆ ಯಾರೋ ಆಗ್ತೀಯ."

ಒಂದೊಂದೇ ಪದವಾಗಿ ಹೇಳಿದಳು. ಈಗೀಗ ಮಾತೂ ನಿಧಾನ.

"ನೀವು ನೋಡಿರೋ ನಾನು ನಿಮ್ಮ ತಲೇಲಿ ಇದ್ದೇ ಇರ್ತೀನಲ್ಲ. ನಾನು ನೋಡಿರೋ ನಾನು ಎಲ್ಲೂ ಇಲ್ಲ. ಕನ್ನಡಿ ಮುಂದಿಂದ ಎದ್ದೋದ್ರೆ ಮುಗೀತು."

ಕ್ಯಾಮೆರಾ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಜನವರಿ 29, ಗುರುವಾರ

ಮುಖ ಬರಲಿಲ್ಲ.

ಫೆಬ್ರವರಿ 5, ಗುರುವಾರ, ಬೆಳಗ್ಗೆ

ಕ್ಲಾಸಿಗೆ ಹೋಗಿಲ್ಲ. ಹಿಮ ಬೀಳುವುದು ನಿಂತಿದೆ. ಅಂಗಳದ ಹಿಮಕ್ಕೆ ಬಡಿದು ಬೆಳಕು ನೆಲದಿಂದ ಮೇಲಕ್ಕೆ ಬರುತ್ತಿದೆ, ಮೀನಿನ ಮುಚ್ಚಳದ ಅಗತ್ಯವೇ ಇಲ್ಲ. ಇಂಥ ಬೆಳಕು ಹಣ ಕೊಟ್ಟರೂ ಸಿಗುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು.

ಮಾತ್ರೆ ಕೊಟ್ಟು, ತಲೆ ಬಾಚಿ ಕೂರಿಸಿದೆ. "ಮುಖ ಬಂತು ರೀ" ಎಂದಳು. ಬಂದಿತ್ತು! ನವೆಂಬರಿನಲ್ಲಿ ಇದ್ದಷ್ಟೇ.

ಕಿಮೊನೊ ಹೊದಿಸಿದೆ. ಮಡಿಕೆ ಹಾಕಿದೆ. ನೋಡಿದರೆ ಎಡ ಮೇಲಿದೆ, ದಿನದ ಹಾಗೆ. ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಹಾಗೇ. ಕೈ ಕೇಳುತ್ತಿಲ್ಲ. ಅವಳ ಎದೆ ಬೆಚ್ಚಗಿತ್ತು, ಬೆರಳಿಗೆ ಉಸಿರು ತಗಲುತ್ತಿತ್ತು.

"ನೀರು ಕುಡ್ದು ಬರ್ತೀನಿ" ಎಂದು ಅಡುಗೆಮನೆಗೆ ಬಂದೆ. ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಬಿಸಿಲು ಕಾಗದದ ಬಾಗಿಲಿನ ಮೇಲಿನ ಚೌಕದಿಂದ ಕೆಳಗಿನದಕ್ಕೆ ಇಳಿದಿದೆ.

ಕರೆಯುತ್ತಿದ್ದಾಳೆ.

"ರೀ, ಸಮುದ್ರದ ನೀರೆಲ್ಲ ಕುಡೀತಿದೀರಾ? ಬನ್ನಿ. ಬಾಯ್ಬಿಟ್ಟು ಹೇಳ್ಕೊಂಡು ಮಾಡಿ, ಟ್ರಾಮ್ ಓಡಿಸ್ದಂಗೆ. ಆಗ ಕೈ ಕೇಳತ್ತೆ."

ಇಲ್ಲಿಯೇ ಒಂದು ಸಲ ಹೇಳಿಕೊಂಡು ಹೋಗುತ್ತೇನೆ.

ಐಎಸ್‌ಒ, ಸರಿ. ಕಿಂಡಿ, ಸರಿ. ಲೆನ್ಸಿನ ಮುಚ್ಚಳ ತೆಗೆದಿದೆ, ಸರಿ. ಬೆಳಕು, ಸರಿ. ಮುಖ, ಸರಿ.

ಎಡ ಮಡಿಕೆ ಒಳಗೆ, ಸರಿ.

ಬಲ ಮಡಿಕೆ ಮೇಲೆ —