ಗ್ಯಾಲರಿಯ ಮೊದಲ ಶಿಳ್ಳೆ

ಪಾರ್ಮಾ
ಸೋಮವಾರ, 12 ಫೆಬ್ರವರಿ 1968

ನನ್ನ ಮುದ್ದು ಲೊರೆಟ್ಟಾ,

ಗಂಟಲು ಹೇಗಿದೆ? ಮೊದಲು ಅದನ್ನು ಹೇಳು, ಉಳಿದದ್ದೆಲ್ಲ ಆಮೇಲೆ. ಬಾಸೆಲ್‌ನಲ್ಲಿ ನದಿಯ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತದೆ ಎಂದು ನೀನೇ ಬರೆದಿದ್ದೆ. ನಿನ್ನಜ್ಜಿ ಹೆಣೆದುಕೊಟ್ಟ ಬೂದು ಮಫ್ಲರ್ ಸುತ್ತಿಕೊಳ್ಳುತ್ತೀಯೋ ಇಲ್ಲ ಪೆಟ್ಟಿಗೆಯಲ್ಲಿಟ್ಟು ನುಸಿಗೆ ಊಟ ಹಾಕುತ್ತಿದ್ದೀಯೋ? ಅಲ್ಲಿಯವರು ಆಲೂಗಡ್ಡೆ ಬೇಯಿಸಿ ಅದನ್ನೇ ಊಟ ಎನ್ನುತ್ತಾರಂತಲ್ಲ, ನಿನ್ನಮ್ಮನಿಗೆ ಅದೇ ಚಿಂತೆ. ಈ ಪತ್ರದ ಜೊತೆ ಒಂದು ತುಂಡು ಚೀಸ್ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಲಕೋಟೆಯೊಳಗೆ ಚೀಸ್ ಹೋಗುವುದಿಲ್ಲ ಇಯೋಲೆ ಎಂದು ಸಮಾಧಾನ ಮಾಡಿ ಕೂರಿಸಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಎಪ್ಪತ್ತೊಂದು ತುಂಬಿತು, ಎಡಮಂಡಿ ಸ್ವಲ್ಪ ಮುನಿಸಿಕೊಂಡಿದೆ, ಕಿವಿ ಮಾತ್ರ ಹದಿನೆಂಟರ ಹುಡುಗನದು. ಈಗಲೂ ವಾರಕ್ಕೆರಡು ದಿನ ಚೀಸ್ ಉಗ್ರಾಣದವರು ನನ್ನನ್ನೇ ಕರೆಯುತ್ತಾರೆ. ಹೊಸಬರು ನಾಲ್ಕು ಜನ ಸೇರಿ ಸುತ್ತಿಗೆಯಿಂದ ಬಡಿದೂ ಬಡಿದೂ ತೀರ್ಮಾನ ಮಾಡಲಾಗದ ಗಾಲಿಯಾಕಾರದ ಇಡೀ ಚೀಸನ್ನು ನಾನು ಎರಡೇ ಏಟಿಗೆ ಒಳಗೆ ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತೇನೆ. ಜಂಬ ಅಂದುಕೊಳ್ಳಬೇಡ, ಇದ್ದದ್ದನ್ನು ಹೇಳುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಬರೆದ ಪತ್ರವನ್ನು ನಿನ್ನಮ್ಮ ನನಗೆ ಓದಿ ಹೇಳಿದಳು. ನನಗೆ ಹೇಳಬಾರದೆಂದು ನೀನು ಬರೆದಿದ್ದ ಸಾಲನ್ನೂ ಓದಿದಳು, ಅವಳಿಗೆ ಓದುವ ಭರದಲ್ಲಿ ನಿಲ್ಲಿಸುವುದು ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿಯ ರಂಗಮಂದಿರದವರು ನಿನ್ನನ್ನು ಮೇಳದ ಸಾಲಿನಿಂದ ಎತ್ತಿ ನಾಯಕಿಯ ಪಾತ್ರ ಕೊಡುತ್ತೇವೆ ಎಂದಿದ್ದಾರೆ, ಈ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಕೊಡಬೇಕು, ಆದರೆ ಅದು ‘ಆ’ ಒಪೆರಾ, ಆದ್ದರಿಂದ ನೀನು ಆಗುವುದಿಲ್ಲ ಎಂದು ಬರೆದಿಟ್ಟಿದ್ದೀಯ. ಮಗಳೇ, ಆ ಉತ್ತರವನ್ನು ಅಂಚೆಗೆ ಹಾಕಬೇಡ. ಹಾಕುವ ಮೊದಲು ಈ ಪತ್ರವನ್ನು ಕೊನೆಯ ಸಾಲಿನವರೆಗೂ ಓದು. ಮಧ್ಯದಲ್ಲಿ ಸಿಟ್ಟು ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೆ ಓದು.

ನಿನ್ನೆ ಭಾನುವಾರ ನಮ್ಮೂರ ರಂಗಮಂದಿರದಲ್ಲಿ ಅದೇ ಒಪೆರಾ, ಮಧ್ಯಾಹ್ನದ ಆಟದಲ್ಲಿ ದೋರಾ ಬೆಲ್ತ್ರಾಮಿ ಆ ಹಾಡು ಹಾಡಿದಳು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಎತ್ತುವುದಿಲ್ಲ, ನಿನ್ನಮ್ಮನ ಕಟ್ಟಪ್ಪಣೆ. ಹಾಗಾಗಿ ನಾನೂ ‘ಆ ಹಾಡು’ ಎಂದಷ್ಟೇ ಬರೆಯುತ್ತೇನೆ. ಮೂರನೇ ಅಂಕದಲ್ಲಿ ಕಿಟಕಿಯ ಹತ್ತಿರ ನಿಂತು ನಾಯಕಿ ಗಂಡನನ್ನು ಬೀಳ್ಕೊಡುವುದು, ಕೊನೆಗೆ ಆ ಎತ್ತರದ ಸ್ವರ. ಬೆಲ್ತ್ರಾಮಿ ಎಂದರೆ ಯಾರು ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ಹತ್ತು ವರ್ಷದಿಂದ ನಮ್ಮೂರಿಗೆ ಬಾ ಬಾ ಎಂದು ಕರೆದರೂ ಬಾರದವಳು. ಮೇಲಂತಸ್ತಿನ ಅಗ್ಗದ ಸೀಟಿನ ನಮ್ಮ ಇಡೀ ಗ್ಯಾಲರಿ ಹನ್ನೊಂದು ಗಂಟೆಗೇ ಬಾಗಿಲ ಮುಂದೆ ಸಾಲು ನಿಂತಿತ್ತು. ನಾನು, ನನ್ನ ಎಡಗಡೆ ತರಕಾರಿ ಮಾರುವ ಆರ್ಜಿಯಾ, ಬಲಗಡೆ ನಿವೃತ್ತ ವಯೋಲಾ ವಾದಕ ಪೆಲಿಚೆಲ್ಲಿ ಮೇಷ್ಟ್ರು, ಅವರ ತೊಡೆಯ ಮೇಲೆ ಎಂದಿನಂತೆ ಸ್ವರಲಿಪಿಯ ದಪ್ಪ ಪುಸ್ತಕ. ಆ ಪುಸ್ತಕವನ್ನು ನಾವು ಯಾರೂ ಲೆಕ್ಕಕ್ಕೆ ಇಟ್ಟುಕೊಂಡವರಲ್ಲ. ಒಪೆರಾ ಕಿವಿಗೆ, ಪುಸ್ತಕ ಕಿವಿ ಮಂದವಾದವರಿಗೆ ಎಂದು ಮೇಷ್ಟ್ರನ್ನು ರೇಗಿಸಿಕೊಂಡೇ ಮೂವತ್ತು ವರ್ಷ ಕಳೆದಿದ್ದೇವೆ.

ಆರ್ಜಿಯಾಳ ಬಾಯಿ ನಿನಗೆ ಗೊತ್ತಲ್ಲ. ಮೊದಲ ಅಂಕದಲ್ಲಿ ನಾಯಕ ಬಾಯಿ ತೆರೆದು ಎರಡು ಸಾಲು ಹಾಡುವಷ್ಟರಲ್ಲಿ “ತಮ್ಮಾ, ಊಟ ಮಾಡ್ಕೊಂಡು ಬರ್ಲಿಲ್ವೇನೋ?” ಅಂದಳು. ಬೆಲ್ತ್ರಾಮಿ ಹಸಿರು ರೇಷ್ಮೆಯಲ್ಲಿ ಮೆಟ್ಟಿಲಿಳಿದು ಬಂದಾಗ “ಬಟ್ಟೆ ಚೆನ್ನಾಗಿದೆ ತಾಯಿ, ದನೀನೂ ತಂದಿದೀಯಾ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದಳು, ನಾನೇ ಅವಳ ಮೊಣಕೈ ಹಿಡಿದು ಕೂರಿಸಿದೆ. ಎರಡನೇ ಅಂಕ ಮುಗಿಯುವ ಹೊತ್ತಿಗೆ ಅವಳೇ ಕಣ್ಣೊರೆಸಿಕೊಳ್ಳುತ್ತಿದ್ದಳು ಅನ್ನು. ಕೆಳಗೆ ದುಬಾರಿ ಸೀಟಿನಲ್ಲಿ ಕೂತಿದ್ದ ಯಾರೋ ಹೊರದೇಶದವನು ಎದ್ದು ನಿಂತು “ಬ್ರಾವೋ! ಬ್ರಾವೋ!” ಎಂದ. ಮೇಲಿನಿಂದ ಆರ್ಜಿಯಾ, “ಲೋ, ಅವಳು ಹೆಂಗ್ಸು ಕಣೋ, ಬ್ರಾವಾ ಅನ್ನು!” ಎಂದು ಗದರಿದಳು. ಅವನು ಪಾಪ ಮೇಲೆ ನೋಡಿ ಕೈಮುಗಿದು “ಬ್ರಾವಾ” ಅಂದ, ಇಡೀ ಗ್ಯಾಲರಿ ಅವನಿಗೇ ಚಪ್ಪಾಳೆ ತಟ್ಟಿತು.

ಆಮೇಲೆ ಮೂರನೇ ಅಂಕ. ಆ ಕೊನೆಯ ಸ್ವರ ಹೇಗೆ ಬರಬೇಕೆಂದು ಈ ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಛಾವಣಿ ಹಾರಬೇಕು, ದೀಪದ ಗಾಜು ನಡುಗಬೇಕು. ನಮ್ಮಪ್ಪ ಹಾಗೆ ಕೇಳಿದ, ಅವನ ಹೆಗಲ ಮೇಲೆ ಕೂತು ನಾನೂ ಹಾಗೇ ಕೇಳಿದೆ, ಯಾರು ಬಂದು ಹಾಡಿದರೂ ಆ ಅಳತೆಗೋಲಿನಿಂದಲೇ ಅಳೆದೆವು. ಎರಡು ವರ್ಷದ ಹಿಂದೆ ಇದೇ ಕಾರ್ನಿವಲ್ ಹಬ್ಬದ ದಿನಗಳಲ್ಲಿ ದೊಡ್ಡ ಗಾಯಕಿಗೆ ಜ್ವರ ಬಂದು ನಿನ್ನನ್ನು ಆ ಕಿಟಕಿಯ ಹತ್ತಿರ ನಿಲ್ಲಿಸಿದರು. ನೀನು ಇಪ್ಪತ್ತಮೂರರ ಹುಡುಗಿ, ಆ ಸ್ವರವನ್ನು ಏರಿಸಲಿಲ್ಲ, ಮೆಲ್ಲಗೆ, ಇನ್ನೂ ಮೆಲ್ಲಗೆ ಮಾಡಿ ಬಿಟ್ಟೆ. ಉಸಿರು ಸಾಲಲಿಲ್ಲ ಎಂದುಕೊಂಡೆವು. ಯಾವನೋ ಒಬ್ಬ ಛೀಮಾರಿಯ ಶಿಳ್ಳೆ ಹೊಡೆದ. ಗ್ಯಾಲರಿಯಲ್ಲಿ ಒಬ್ಬ ಹೊಡೆದರೆ ಮುಗಿಯಿತು, ಹಿಂದೆಯೇ ಐವತ್ತು. ಮರುದಿನ ಬೆಳಗಿನ ರೈಲಿಗೆ ನೀನು ಹೊರಟುಹೋದೆ. ಮೊದಲು ಶಿಳ್ಳೆ ಹಾಕಿದವನು ಯಾರೆಂದು ನೀನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದನ್ನು ಹೊರಗೆ ಹೇಳಬಾರದು ಎನ್ನುವುದು ಗ್ಯಾಲರಿಯ ಕಟ್ಟಳೆ.

ನಿನ್ನೆ ಬೆಲ್ತ್ರಾಮಿ ಅದೇ ಜಾಗಕ್ಕೆ ಬಂದಳು. ನಾವೆಲ್ಲ ಮುಂದಕ್ಕೆ ಬಾಗಿ ಕಟಕಟೆ ಹಿಡಿದು ಕೂತಿದ್ದೆವು. ಅವಳು ಸ್ವರ ಹಿಡಿದಳು, ಏರಿಸುತ್ತಾಳೆ ಎಂದು ಕಾದೆವು, ಅವಳು ಏರಿಸಲಿಲ್ಲ. ಸಣ್ಣದು ಮಾಡಿದಳು. ಇನ್ನೂ ಸಣ್ಣದು ಮಾಡಿದಳು. ಎಲ್ಲಿ ನಿಂತಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಆಗ ನನ್ನ ಕೈ ಎಲ್ಲಿತ್ತು ಎಂದು ಕೇಳಬೇಡ, ಆ ಮಾತು ಆಮೇಲೆ ಬರುತ್ತದೆ. ಗ್ಯಾಲರಿಯ ಆ ತುದಿಯಿಂದ ಒಂದು ಶಿಳ್ಳೆ ಬಂತು. ಅದರ ಹಿಂದೆಯೇ “ದುಡ್ಡು ವಾಪಸ್ ಕೊಡಿ!” ಎಂದು ಒಬ್ಬ, “ಬ್ರಾವಾ!” ಎಂದು ಆರ್ಜಿಯಾ, “ನಿಂಗೇನ್ ಗೊತ್ತು, ನೀನು ಕೋಸು ಮಾರೋಳು!” ಎಂದು ಇನ್ನೊಬ್ಬ, “ನನ್ ಕೋಸಿಗೂ ನಿನ್ ತಲೆಗಿಂತ ಜಾಸ್ತಿ ಕೇಳ್ಸುತ್ತೆ ಕಣೋ!” ಎಂದು ಇವಳು. ಕೆಳಗೆ ವಾದ್ಯದವರು ನಿಲ್ಲಿಸಿದರು. ಬೆಲ್ತ್ರಾಮಿ ಕಿಟಕಿಯ ಪಕ್ಕದಲ್ಲಿ ಹಾಗೇ ನಿಂತು ನಮ್ಮನ್ನೇ ನೋಡುತ್ತಿದ್ದಳು. ಹೆದರಿದ ಹಾಗೂ ಕಾಣಲಿಲ್ಲ, ಸಿಟ್ಟು ಬಂದ ಹಾಗೂ ಕಾಣಲಿಲ್ಲ. ಮಕ್ಕಳ ಜಗಳ ಮುಗಿಯಲಿ ಎಂದು ಕಾಯುವ ತಾಯಿಯ ಹಾಗೆ ಕಾದಳು.

ಅಷ್ಟರಲ್ಲಿ ಪೆಲಿಚೆಲ್ಲಿ ಮೇಷ್ಟ್ರು ಎದ್ದರು. ಮೂವತ್ತು ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿದವನಲ್ಲ. ಆ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, “ಬರೆದಿದೆ! ಇಲ್ಲಿ ಬರೆದಿದೆ! ಮೆಲ್ಲಗೆ ಅಂತ ನಾಲ್ಕ್ ಸಲ ಬರೆದವ್ನೆ ಆ ಪುಣ್ಯಾತ್ಮ! ಕೊನೇಲಿ ‘ಆರಿಹೋಗ್ತಾ’ ಅಂತ್ಲೂ ಬರೆದವ್ನೆ!” ಎಂದು ಕೂಗಿದರು. ಮೇಷ್ಟ್ರ ದನಿ ಇಳಿಯಿತು. “ನಾವೇ ಇಷ್ಟು ವರ್ಷ ತಪ್ಪು ಕೇಳಿದ್ವಿ” ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಆರ್ಜಿಯಾ ಕೇಳಿದಳು. “ಹೇಳ್ದೆ. ಪ್ರತಿ ವರ್ಷ ಹೇಳ್ದೆ. ಪುಸ್ತಕ ಮುಚ್ಚಿಡಿ ಮೇಷ್ಟ್ರೇ ಅಂದ್ರಿ” ಎಂದು ಅವರು ನನ್ನ ಕಡೆ ನೋಡಿದರು. ಆ ಮಾತು ಅಂದವನು ನಾನೇ, ಬೇರೆ ಯಾರೂ ಅಲ್ಲ.

ಶಿಳ್ಳೆ ಬಂದಿದ್ದ ಅದೇ ತುದಿಯಿಂದ ಒಂದು ದನಿ ಬಂತು. “ಹಂಗಾದ್ರೆ ಇನ್ನೊಂದ್ಸಲ ಹಾಡ್ಲಿ, ಈ ಸಲ ಸರಿಯಾಗಿ ಕೇಳ್ತೀವಿ.” ಇದನ್ನು ನೀನು ನಂಬಬೇಕು ಲೊರೆಟ್ಟಾ, ಪಾರ್ಮಾದ ಗ್ಯಾಲರಿ ತಾನು ಸರಿಯಾಗಿ ಕೇಳುತ್ತೇನೆ ಎಂದು ಮಾತು ಕೊಟ್ಟಿತು. ಬೆಲ್ತ್ರಾಮಿ ತಲೆ ಬಾಗಿಸಿ ಮೊದಲಿನಿಂದ ಹಾಡಿದಳು. ಚೀಸ್ ಬಡಿಯುವ ಕೆಲಸಕ್ಕೆ ಸೇರಿದಾಗ ನನ್ನ ಗುರು ಹೇಳಿದ್ದು ಒಂದೇ ಮಾತು, ಸುತ್ತಿಗೆಯ ಸದ್ದು ಕೇಳಬೇಡ, ಸುತ್ತಿಗೆ ಎತ್ತಿದ ಮೇಲೆ ಒಳಗೆ ಉಳಿಯುತ್ತದಲ್ಲ, ಅದನ್ನು ಕೇಳು ಅಂತ. ಐವತ್ತು ವರ್ಷ ಚೀಸನ್ನು ಹಾಗೆ ಕೇಳಿದೆ. ಹಾಡನ್ನು ಮಾತ್ರ ಸುತ್ತಿಗೆಯ ಸದ್ದಿನಲ್ಲೇ ಅಳೆದೆ. ನಿನ್ನೆ ಆ ಸ್ವರ ನಿಂತ ಮೇಲೂ ಅದು ಅಲ್ಲೇ ಇತ್ತು. ಯಾರೂ ಕೈ ತಟ್ಟಲಿಲ್ಲ, ಬಹಳ ಹೊತ್ತು ತಟ್ಟಲಿಲ್ಲ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು. ಆಮೇಲೆ ಎದ್ದ ಚಪ್ಪಾಳೆಗೆ ನನ್ನ ಟೋಪಿ ಕೆಳಗಿನ ಸಾಲಿಗೆ ಬಿದ್ದು ಹೋಯಿತು, ಇನ್ನೂ ಸಿಕ್ಕಿಲ್ಲ.

ಆಟ ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ಅವಳಿಗಾಗಿ ಕಾದೆವು. ಬಂದಳು, ನಮಗಿಂತ ಕುಳ್ಳಿ, ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಹೆದರಿಕೆ ಆಗಲಿಲ್ಲವೇ ಎಂದು ಮೇಷ್ಟ್ರು ಕೇಳಿದರು. “ಆಯ್ತು ಮೇಷ್ಟ್ರೇ. ಈ ಊರಲ್ಲಿ ಇದನ್ನ ಮೆಲ್ಲಗೆ ಹಾಡೋ ಧೈರ್ಯ ಯಾರಿಗೂ ಇಲ್ಲ ಅಂತಿದ್ರು, ಅದಕ್ಕೇ ಹತ್ತು ವರ್ಷ ಬರ್ಲಿಲ್ಲ” ಎಂದಳು. ಮೇಷ್ಟ್ರು, “ಒಬ್ಬಳು ಹಾಡಿದ್ಲು ತಾಯಿ. ನಮ್ಮೂರ ಹುಡ್ಗಿ. ನಾವು ಓಡಿಸಿಬಿಟ್ವಿ” ಅಂದರು. “ಈಗೆಲ್ಲಿದಾಳೆ?” ಎಂದಳು ಅವಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಏನು ಹೇಳಿದೆ ಗೊತ್ತೇ? ಎದೆ ಸೆಟೆಸಿ, “ನನ್ನ ಮೊಮ್ಮಗಳು ಕಣಮ್ಮಾ. ಬಾಸೆಲ್‌ನಲ್ಲಿದಾಳೆ. ಬರೋ ಏಪ್ರಿಲ್‌ನಲ್ಲಿ ಇದನ್ನೇ ಹಾಡ್ತಾಳೆ, ಮೆಲ್ಲಗೇನೇ ಹಾಡ್ತಾಳೆ” ಎಂದುಬಿಟ್ಟೆ. ಬೆಲ್ತ್ರಾಮಿ ತನ್ನ ಕೋಟಿನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ನಿನ್ನ ಹೆಸರು ಬರೆದುಕೊಂಡಳು. ನನ್ನ ಮಾತು ಕೊಟ್ಟಾಗಿದೆ ಲೊರೆಟ್ಟಾ, ಉಳಿಸುವುದು ನಿನಗೆ ಬಿಟ್ಟದ್ದು.

ಮನೆಗೆ ಬಂದು ನಿನ್ನಮ್ಮನಿಗೆ ಎಲ್ಲ ಹೇಳಿದೆ. ಸೊಪ್ಪು ತುಂಬಿ ತೊರ್ತೆಲ್ಲಿ ಕಡುಬು ಮಡಿಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು, ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಆ ಹಾಡಿನ ಹೆಸರು ಬಾಯಿಬಿಟ್ಟು ಹೇಳಿದಳು. ಅವಳ ನೂರು ಮುತ್ತು ನಿನಗೆ. ಆರ್ಜಿಯಾ ನಿನಗಾಗಿ ಮೊದಲ ವಸಂತದ ಬಟಾಣಿ ತೆಗೆದಿಡುತ್ತಾಳಂತೆ. ಮೇಷ್ಟ್ರು ಏನೂ ಹೇಳಿ ಕಳಿಸಿಲ್ಲ, ಪುಸ್ತಕದ ಆ ಹಾಳೆಯನ್ನು ನಕಲು ಮಾಡುತ್ತಿದ್ದಾರೆ, ಇದರ ಜೊತೆ ಇಡುತ್ತೇನೆ. ನಿನ್ನ ಉಸಿರು ಯಾವತ್ತೂ ನಿನ್ನ ಮಾತು ಕೇಳಲಿ, ಗಂಟಲು ಬೆಚ್ಚಗಿರಲಿ, ಈ ಮುದುಕನ ಆಯಸ್ಸಿನಲ್ಲಿ ಮಿಕ್ಕದ್ದು ನಿನಗೆ ಸೇರಲಿ.

ಯಾವತ್ತೂ ನಿನ್ನವನೇ ಆದ
ತಾತ ಅಲ್ಚಿದೆ

ಮತ್ತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಮೊದಲ ಶಿಳ್ಳೆ ಹಾಕಿದವನು ನಾನು. ಆ ದಿನ ಗ್ಯಾಲರಿ ನೀನು ನನ್ನ ಮೊಮ್ಮಗಳೆಂದು ಬಾಯಿ ಮುಚ್ಚಿ ಕೂತಿತ್ತು, ನನ್ನನ್ನೇ ನೋಡುತ್ತಿತ್ತು. ನನ್ನ ಮನೆಯ ಹುಡುಗಿಯೆಂದು ರಿಯಾಯಿತಿ ಕೊಟ್ಟರೆ ನಾನೆಂಥ ಕಿವಿಯವನು ಎಂಬ ಅಹಂಕಾರ ತಲೆಗೇರಿತು. ತಪ್ಪು ನಿನ್ನ ಉಸಿರಿನದಲ್ಲ, ನನ್ನ ಕಿವಿಯದು. ನಿನ್ನೆಯೂ ಬೆರಳುಗಳು ತುಟಿಯವರೆಗೆ ಹೋಗಿದ್ದವು. ಈ ಸ್ವರವನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿ ಅಲ್ಲೇ ನಿಂತವು. ಎರಡು ಬೆರಳಿಟ್ಟು ಶಿಳ್ಳೆ ಹೊಡೆಯುವುದನ್ನು ನಿನಗೆ ಆರನೇ ವರ್ಷಕ್ಕೇ ಕಲಿಸಿದವನು ನಾನು, ಆ ದಿನ ಶಿಳ್ಳೆ ಕೇಳಿದ್ದೇ ನೀನು ನೇರ ನನ್ನ ಸೀಟಿನ ಕಡೆಗೇ ಮುಖ ಎತ್ತಿದ್ದೆ. ಆಗಲೇ ಗೊತ್ತಾಗಿತ್ತೇ ಕೂಸೇ? ಗೊತ್ತಿದ್ದೂ ಪ್ರತಿ ಪತ್ರದಲ್ಲಿ ತಾತನ ಮೀಸೆಗೊಂದು ಮುತ್ತು ಎಂದು ಬರೆದೆಯಾ? ರಂಗಮಂದಿರದವರಿಗೆ ಹೂಂ ಅನ್ನು. ಏಪ್ರಿಲ್‌ನಲ್ಲಿ ನಾನು ಬರುತ್ತೇನೆ. ನಿಲ್ದಾಣದಲ್ಲಿ ನಾನು ರೈಲಿನಿಂದ ಇಳಿಯುವಾಗ, ಎಲ್ಲರ ಎದುರಿಗೆ, ನನಗೆ ಎರಡು ಬೆರಳಿಟ್ಟು ಜೋರಾಗಿ ಶಿಳ್ಳೆ ಹೊಡೆದುಬಿಡು. ಮೆಲ್ಲಗೆ ಬೇಡ.